ಸೀಟು ಬರುವಷ್ಟರಲ್ಲಿ ಹೋದ ಮಾನ

ಮನೆಯಲ್ಲಿ ಪಿಯುಸಿ ಮುಗಿಸಿದ ಮಗು ಒಂದಿದ್ದರೆ, ಮಾನ ಹೋಗುವುದಕ್ಕೆ ಬೇರೆ ಏನೂ ಬೇಕಾಗುವುದಿಲ್ಲ. ಬೇಸಿಗೆಯಲ್ಲಿ ಶುರುವಾಗಿ ಕಾಲೇಜಿನ ಬಾಗಿಲು ತೆರೆಯುವ ತನಕ ಅದು ತಾನಾಗಿಯೇ, ಸ್ವಲ್ಪ ಸ್ವಲ್ಪವಾಗಿ ಹೋಗುತ್ತಲೇ ಇರುತ್ತದೆ. ನಮ್ಮದು ಹೋದ ವರ್ಷ ಹೋಯಿತು. ಈಗ ಹೇಳಿಕೊಂಡರೆ ಜನ ನಗುತ್ತಾರೆ. ನಾನೂ ನಗುತ್ತೇನೆ, ಆದರೆ ಒಂದು ಕೈ ಇನ್ನೂ ಮುಖದ ಮೇಲೇ ಇರುತ್ತದೆ.

ನಾವಿರುವುದು ಅರಕಲಗೂಡಿನಲ್ಲಿ. ನಾನು ದಿನಾ ಬಸ್ಸು ಹತ್ತಿ ಹೊಳೆನರಸೀಪುರಕ್ಕೆ ಹೋಗಿ ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ಬರುತ್ತೇನೆ. ನಮ್ಮ ಯಜಮಾನರದು ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ. ಮಲ್ಲಿಪಟ್ಟಣದ ಹತ್ತಿರ ಜಮೀನಿದೆ. ಶುಂಠಿ, ಜೋಳ, ಹಸುಗಳು, ಎಲ್ಲವನ್ನೂ ನೋಡಿಕೊಳ್ಳುವುದು ನಮ್ಮ ಅತ್ತೆ. ಮಗಳು ಒಬ್ಬಳೇ. ಅವಳಿಗೆ ಚಿಕ್ಕಂದಿನಿಂದಲೂ ಒಂದೇ ಹಟ, ದನದ ಡಾಕ್ಟರಾಗಬೇಕು, ಅದೂ ಹಾಸನದಲ್ಲೇ ಓದಬೇಕು. ಅವಳ ಅಪ್ಪ ಮಾತ್ರ ಎಂಜಿನಿಯರಿಂಗ್‌ಗೆ ಎಲ್ಲೋ ಮ್ಯಾನೇಜ್‌ಮೆಂಟ್ ಸೀಟು ಮಾತಾಡಿಟ್ಟಿದ್ದರು. ಕೊನೆಗೆ ಅಪ್ಪ ಮಗಳ ನಡುವೆ ಒಪ್ಪಂದವಾಯಿತು. ವೆಟರ್ನರಿ ಸೀಟು ಸಿಕ್ಕರೆ ಅವಳ ಇಷ್ಟ, ಸಿಗದಿದ್ದರೆ ಬಾಯಿ ಮುಚ್ಚಿಕೊಂಡು ಅಪ್ಪ ಹೇಳಿದ ಕಡೆ. ಮಗಳು ಒಪ್ಪಿಕೊಂಡಳು, ಒಪ್ಪಿಕೊಂಡ ದಿನದಿಂದ ಸರಿಯಾಗಿ ಊಟ ಮಾಡಲಿಲ್ಲ.

ಇನ್ನು ಎದುರು ಮನೆ. ಅವರು ಬಟ್ಟೆ ಅಂಗಡಿಯವರು, ಚನ್ನರಾಯಪಟ್ಟಣದ ಕಡೆಯವರು. ಅವರ ಮಗನೂ ನನ್ನ ಮಗಳೂ ಎಲ್‌ಕೆಜಿಯಿಂದ ಒಂದೇ ಕ್ಲಾಸು. ಹಾಗಾಗಿ ನಾನೂ ಎದುರು ಮನೆಯಾಕೆಯೂ ಎಲ್‌ಕೆಜಿಯಿಂದಲೇ ಮಾರ್ಕ್ಸು ಹೋಲಿಸಿಕೊಂಡು ಬಂದವರು. ಒಂದು ದಿನವೂ ಜಗಳವಾಡಿಲ್ಲ. ಆಡಿದ್ದರೆ ವಾಸಿಯಿತ್ತು, ಹೊಟ್ಟೆಯೊಳಗಿದ್ದದ್ದು ಹೊರಗೆ ಬರುತ್ತಿತ್ತು. ಅವರಿಗೆ ಮಗ ಕಂಪ್ಯೂಟರ್ ಸೈನ್ಸ್ ಓದಬೇಕು. ಹುಡುಗನಿಗೆ ಏನು ಬೇಕೆಂದು ಯಾರೂ ಕೇಳಿದ ಹಾಗಿರಲಿಲ್ಲ.

ಬೀಜ ಪರೀಕ್ಷೆ

ರೈತರ ಮಕ್ಕಳಿಗೆ ವೆಟರ್ನರಿಯಲ್ಲಿ ಒಂದಷ್ಟು ಸೀಟು ಬೇರೆ ಇಟ್ಟಿರುತ್ತಾರೆ. ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ. ಮೇಜಿನ ಮೇಲೆ ಬೀಜ, ಗೊಬ್ಬರ, ಸಲಕರಣೆ ಇಟ್ಟು ಇದೇನು, ಅದೇನು ಎಂದು ಕೇಳುತ್ತಾರೆ. ನಿಜವಾದ ರೈತರ ಮಕ್ಕಳೋ, ಪಹಣಿಯಲ್ಲಿ ಮಾತ್ರ ರೈತರ ಮಕ್ಕಳೋ ಎಂದು ಪತ್ತೆ ಹಚ್ಚುವ ಉಪಾಯ. ನನ್ನ ಮಗಳು ಅಜ್ಜಿಯ ಹಸುಗಳ ಮೈ ತಿಕ್ಕಿದ್ದಾಳೆ, ಕರು ಹಾಕಿಸಿದ್ದಾಳೆ, ಆದರೆ ಹೊಲಕ್ಕೆ ಇಳಿದವಳಲ್ಲ. ಹುರುಳಿಗೂ ಅಲಸಂದೆಗೂ ಇರುವ ವ್ಯತ್ಯಾಸ ಅವಳಿಗೆ ಸಾರಿನಲ್ಲಿ ಮಾತ್ರ ಗೊತ್ತು.

ಸುದ್ದಿ ತಿಳಿದದ್ದೇ ನಮ್ಮ ಅತ್ತೆ ಹಳೇ ಸೀರೆಯ ತುಂಡುಗಳಲ್ಲಿ ಗಂಟು ಕಟ್ಟಿಕೊಂಡು ಊರಿಂದ ಬಂದಿಳಿದರು. ಒಂದೊಂದು ಗಂಟಿನಲ್ಲಿ ಒಂದೊಂದು ಬೀಜ. ಮಗಳು ಬೀಜಗಳನ್ನು ಸಾಲಾಗಿ ಇಟ್ಟುಕೊಂಡು ಬಣ್ಣ, ಗಾತ್ರ ಬರೆದುಕೊಳ್ಳಲು ಕೂತಳು. ಅತ್ತೆ ಪೆನ್ನು ಕಿತ್ತುಕೊಂಡರು.

"ಕಣ್ಣು ಮೋಸ ಮಾಡ್ತದೆ ಕಣವ್ವ, ನಾಲ್ಗೆ ಮೋಸ ಮಾಡಾಕಿಲ್ಲ. ಕಣ್ಮುಚ್ಚು. ಬಾಯ್ಗಾಕ್ಕಂಡು ಕಡಿ. ಈಗೇಳು, ಏನಿದು?"

"ಅಲಸಂದೆ."

"ಅಂಗೆ!"

ಹೀಗೆ ಅಜ್ಜಿ ಮೊಮ್ಮಗಳು ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಎಲ್ಲವನ್ನೂ ಕಡಿದು ಕಡಿದು ಮುಗಿಸಿದರು. ಮಗಳು ಒಂದನ್ನೂ ತಪ್ಪಲಿಲ್ಲ. ನನಗೆ ಹೆಮ್ಮೆ. ಸಾಲದ್ದಕ್ಕೆ ಎದುರು ಮನೆಯಾಕೆಗೆ ಕೇಳಿಸಲೆಂದು ಕಿಟಕಿ ತೆರೆದಿಟ್ಟಿದ್ದೆ.

ಪರೀಕ್ಷೆ ಹಾಸನದಲ್ಲಿ. ತಂದೆತಾಯಿಯರೆಲ್ಲ ಹೊರಗೆ ಮರದ ಕೆಳಗೆ ನಿಂತಿದ್ದೆವು. ಇದ್ದಕ್ಕಿದ್ದಂತೆ ಒಳಗಿನಿಂದ ಗಂಡಸಿನ ಗಂಟಲು ಕೇಳಿಸಿತು.

"ಉಗಿಯಮ್ಮಾ! ಮೊದ್ಲು ಉಗಿ! ಔಷಧಿ ಹಾಕಿರೋದು ಅದು!"

ಒಬ್ಬ ನೀರಿನ ಬಾಟಲಿ ಹಿಡಿದು ಓಡಿದ. ಯಾರ ಮಗುವೋ ಪಾಪ ಎಂದು ಪಕ್ಕದವರಿಗೆ ಹೇಳಿದೆ. ಸ್ವಲ್ಪ ಹೊತ್ತಿಗೆ ನನ್ನ ಮಗಳು ಹೊರಗೆ ಬಂದಳು. ಬಾಯಿ ತುಟಿಯೆಲ್ಲ ಗುಲಾಬಿ ಬಣ್ಣ. ಬಿತ್ತನೆಯ ಜೋಳಕ್ಕೆ ಹುಳ ಹಿಡಿಯದಿರಲೆಂದು ಬಣ್ಣದ ಔಷಧಿ ಸವರಿರುತ್ತಾರಲ್ಲ, ಅದು.

"ಜೋಳ ಅಂತ ನೋಡಿದ ತಕ್ಷಣ ಗೊತ್ತಾಯ್ತಮ್ಮ. ಆದ್ರೂ ಒಂದ್ಸಲ ಕನ್‌ಫರ್ಮ್ ಮಾಡ್ಕೊಳ್ಳೋಣ ಅಂತ."

ಹಿಂದೆಯೇ ಪರೀಕ್ಷೆ ಮಾಡುತ್ತಿದ್ದವರು ಬಂದರು. "ಇವಳ ತಾಯಿ ಯಾರಮ್ಮ?" ಎಂದಾಗ ಒಂದು ಗಳಿಗೆ ನಾನೂ ಸುತ್ತಮುತ್ತ ನೋಡಿದೆ. ಆಮೇಲೆ ಮುಂದೆ ಹೋದೆ. "ಗಾಬರಿ ಬೇಡ, ನುಂಗಿಲ್ಲ. ಬಾಯಿ ತೊಳೆಸಿದೀವಿ. ಎಲ್ಲಾ ಉತ್ತರಾನೂ ಸರಿ ಹೇಳಿದಾಳೆ. ಆದ್ರೆ ನಾಳೆ ಬ್ಯಾಚಿಗೆ ನಮ್ಮ ಹತ್ರ ಅಲಸಂದೆ ಇಲ್ಲ" ಎಂದರು. ಮರದ ಕೆಳಗಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಮಗುವಿಗೆ ತಿಂಡಿ ಕೊಡದೆ ಕಳಿಸಿದ ತಾಯಿಯನ್ನು ಯಾರಾದರೂ ಹೇಗೆ ನೋಡುತ್ತಾರೋ ಹಾಗೆ.

ಆ ಬಣ್ಣ ಸೋಪಿಗೂ ಹೋಗಲಿಲ್ಲ. ಸಂಜೆ ಮನೆ ಮುಂದೆ ಆಟೋ ಇಳಿಯುವಾಗ ಎದುರು ಮನೆಯಾಕೆ ಗೇಟಿನಲ್ಲೇ ನಿಂತಿದ್ದರು. ಮಗಳ ತುಟಿಯನ್ನೇ ನೋಡಿದರು.

"ನಮ್ಮ ಹುಡುಗನಿಗೆ ಪರೀಕ್ಷೆ ದಿನ ತಲೆ ಬಾಚೋಕೂ ಪುರುಸೊತ್ತಿರಲಿಲ್ಲ ಕಣ್ರೀ. ನಿಮ್ಮ ಹುಡುಗಿ ಲಿಪ್‌ಸ್ಟಿಕ್ ಹಾಕ್ಕೊಂಡು ಹೋಗಿ ಬಂದಿದಾಳೆ. ಧೈರ್ಯ ಮೆಚ್ಚಬೇಕು."

ಬೀಜ ತಿಂದಳು ಎನ್ನುವುದೋ, ಲಿಪ್‌ಸ್ಟಿಕ್ ಎಂದು ಒಪ್ಪಿಕೊಳ್ಳುವುದೋ? ಎರಡನ್ನೂ ತೂಗಿ ನೋಡಿದೆ. "ಹೊಸ ಶೇಡು, ಚೆನ್ನಾಗಿದೆಯಲ್ವಾ?" ಎಂದೆ.

ಊರಿಗೊಂದು ರ‍್ಯಾಂಕು

ರ‍್ಯಾಂಕು ಬಂತು. ಪ್ರವೇಶ ಪರೀಕ್ಷೆಯಲ್ಲಿ ಬಂದದ್ದು ಅಂಚಿನ ರ‍್ಯಾಂಕು. ಸಿಕ್ಕರೆ ಸಿಗಬಹುದು, ತಪ್ಪಿದರೆ ತಪ್ಪಬಹುದು. ಬಸ್ಸಿನಲ್ಲಿ ಕಂಡಕ್ಟರ್ ಸಮೇತ ಎಲ್ಲರೂ ಕೇಳುತ್ತಿದ್ದರು. ನಾನು "ಪರವಾಗಿಲ್ಲ" ಎಂದು ಕಿಟಕಿಯ ಕಡೆ ತಿರುಗುತ್ತಿದ್ದೆ.

ನಮ್ಮ ಯಜಮಾನರಿಗೆ ಪರವಾಗಿಲ್ಲ ಎಂಬ ಉತ್ತರ ಪರವಾಗಿಲ್ಲ ಅನ್ನಿಸುತ್ತಿರಲಿಲ್ಲ. "ಕೇಳೋರಿಗೆ ಒಂದು ನಂಬರ್ ಬೇಕು ಕಣೆ. ನಂಬರ್ ಇಲ್ದೆ ಕಳಿಸಿದ್ರೆ ಅವರೇ ಒಂದು ಕಟ್ಕೋತಾರೆ" ಎನ್ನುತ್ತಿದ್ದರು. ಹಾಗಾಗಿ ಬೇರೆಯವರಿಗೆ ಆ ಕಷ್ಟ ಬೇಡವೆಂದು ತಾವೇ ಕಟ್ಟತೊಡಗಿದರು. ಅರಕಲಗೂಡಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಏಕೆಂದರೆ ಇಲ್ಲಿ ಕಾಲೇಜಿನವರಿಗೆ ಗೊತ್ತು. ಹೊಳೆನರಸೀಪುರದ ನನ್ನ ಸೋದರಮಾವನಿಗೆ ಸ್ವಲ್ಪ ಇಳಿಸಿ ಹೇಳಿದರು. ಹಾಸನದ ಪಂಪು ಡೀಲರಿಗೆ ಇನ್ನಷ್ಟು ಇಳಿಸಿದರು. ಬಸ್ ಚಾರ್ಜು ಏರಿದಷ್ಟೂ ರ‍್ಯಾಂಕು ಇಳಿಯುತ್ತಿತ್ತು. ಚನ್ನರಾಯಪಟ್ಟಣ ತಲುಪುವ ಹೊತ್ತಿಗೆ ಅದು ಪೇಪರಿನಲ್ಲಿ ಫೋಟೋ ಬರುವ ಮಟ್ಟಕ್ಕೆ ಬಂದಿತ್ತು. ನನಗೆ ಇದೊಂದೂ ತಿಳಿದಿರಲಿಲ್ಲ.

ತಿಳಿದದ್ದು ಚನ್ನರಾಯಪಟ್ಟಣದ ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಹೊಳೆನರಸೀಪುರದ ಮಾವ, ಹಾಸನದ ಡೀಲರು, ಚನ್ನರಾಯಪಟ್ಟಣದ ಹೆಣ್ಣಿನ ತಂದೆ ಮೂವರೂ ಒಂದೇ ಸಾಲಿನಲ್ಲಿ ಕೂತಿದ್ದರು. ನಾನು ಅವರ ಎದುರು ಸಾಲಿನಲ್ಲಿ. ಮಾವ ನನ್ನನ್ನು ತೋರಿಸಿ ಹೆಮ್ಮೆಯಿಂದ ಮಗಳ ರ‍್ಯಾಂಕು ಹೇಳಿದರು. ಡೀಲರು "ಅಲ್ಲ, ನೀವು ತಪ್ಪು ಕೇಳಿಸ್ಕಂಡಿದೀರಿ" ಎಂದು ತಮ್ಮದನ್ನು ಹೇಳಿದರು. ಹೆಣ್ಣಿನ ತಂದೆ ಇಬ್ಬರನ್ನೂ ಸುಮ್ಮನಿರಿಸಿ, "ನಂಗೆ ಅವ್ರೇ ಖುದ್ದಾಗಿ ಹೇಳವ್ರೆ" ಎಂದು ಫೋಟೋ ಮಟ್ಟದ ರ‍್ಯಾಂಕನ್ನು ಎಲ್ಲರಿಗೂ ಕೇಳುವಂತೆ ಹೇಳಿದರು. ಮೂವರೂ ನನ್ನ ಕಡೆ ತಿರುಗಿದರು. ನಾನು ಯಜಮಾನರ ಕಡೆ ತಿರುಗಿದೆ. ಅವರು ಎಲೆ ಬಿಟ್ಟು ಎದ್ದು ನೀರು ಬಡಿಸಲು ಹೋಗಿಬಿಟ್ಟಿದ್ದರು.

ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳ ಮನೆಯ ಲೆಕ್ಕ ಹೀಗೆ. ನನ್ನ ಪಕ್ಕದಲ್ಲಿ ದೂರದ ಸಂಬಂಧದ ಒಬ್ಬ ಅಜ್ಜಿ ಕೂತಿದ್ದರು. ಅಷ್ಟು ಹೊತ್ತು ಸುಮ್ಮನೆ ಕೇಳಿಸಿಕೊಂಡಿದ್ದವರು ನನ್ನ ಮೊಣಕೈ ತಿವಿದು ನೊಂದುಕೊಂಡು ಕೇಳಿದರು:

"ಅಲ್ಲ ಕಣವ್ವ, ನಿಂಗೆ ಮೂರು ಜನ ಎಣ್ಮಕ್ಳಾ? ಮತ್ತೆ ನಂಗೆ ಒಂದೇ ನಾಮಕರಣಕ್ಕೆ ಕರ್ದಿದ್ದಲ್ಲ?"

ಅಣಕು ಡಾಕ್ಟರು

ನಿಜವಾದ ಸೀಟು ಹಂಚುವ ಮೊದಲು ಒಂದು ಅಣಕು ಹಂಚಿಕೆ ನಡೆಯುತ್ತದೆ. ಸದ್ಯದ ಲೆಕ್ಕದಲ್ಲಿ ನಿಮಗೆ ಇಂಥದ್ದು ಸಿಗಬಹುದು, ಸಿಗದೆಯೂ ಹೋಗಬಹುದು ಎಂದು ತೋರಿಸಲಿಕ್ಕೆ. ಅದರಲ್ಲಿ ಮಗಳ ಹೆಸರಿನ ಮುಂದೆ ಹಾಸನ, ವೆಟರ್ನರಿ ಎಂದು ಬಂತು. ಖುಷಿಯಲ್ಲಿ ಯಜಮಾನರಿಗೆ ಫೋನು ಮಾಡಿದೆ. "ಹಾಸನ ವೆಟರ್ನರಿ ಬಂದಿದೆ, ಆದ್ರೆ ಇದು..." ಎನ್ನುವಷ್ಟರಲ್ಲಿ ಅವರು ಫೋನು ಇಟ್ಟಾಗಿತ್ತು.

ಸಂಜೆ ಶಾಲೆಯಿಂದ ಬಂದು ಬಸ್ಸಿಳಿದರೆ ಸರ್ಕಲ್ಲಿನಲ್ಲಿ ಫ್ಲೆಕ್ಸು. ಮಧ್ಯದಲ್ಲಿ ಮಗಳ ಫೋಟೋ, ಹೆಸರಿಗೆ ಮೊದಲು ದೊಡ್ಡದಾಗಿ 'ಡಾ.', ಕೆಳಗೆ 'ನಮ್ಮೂರಿನ ಹೆಮ್ಮೆಯ ಪಶುವೈದ್ಯೆಗೆ ಹಾರ್ದಿಕ ಅಭಿನಂದನೆಗಳು'. ಅದರ ಕೆಳಗೆ ಕೈ ಮುಗಿದುಕೊಂಡ ಪಂಪ್‌ಸೆಟ್ ಅಂಗಡಿ ಗೆಳೆಯರ ಸಾಲು. ಅವರ ಮುಖಗಳು ಮಗಳ ಮುಖಕ್ಕಿಂತ ದೊಡ್ಡವಿದ್ದವು.

"ಇದು ಅಣಕು ಕಣ್ರೀ, ನಿಜವಾದ್ದು ಇನ್ನೂ ಬರಬೇಕು" ಎಂದು ಯಜಮಾನರ ಮುಂದೆ ಅಳುವುದೊಂದು ಬಾಕಿ.

"ಅಣಕೋ ಗಿಣಕೋ, ಬರ್ದಿರೋರು ಸರ್ಕಾರದೋರು ತಾನೆ? ಅವ್ರು ತಮಾಷೆಗೆ ಬರೀತಾರಾ?"

ನಿಜವಾದದ್ದು ಬಂತು. ಮೊದಲನೇ ಸುತ್ತಿನಲ್ಲಿ ಮಗಳಿಗೆ ಏನೂ ಇಲ್ಲ. ಇನ್ನು ಎರಡನೇ ಸುತ್ತೇ ಕೊನೆ. ಮಗಳು ಅಳಲಿಲ್ಲ, ಬಯ್ಯಲೂ ಇಲ್ಲ. "ಆ ಫ್ಲೆಕ್ಸ್ ಇಳಿಸೋ ತನಕ ನಾನು ಮನೆಯಿಂದ ಆಚೆ ಬರಲ್ಲ" ಎಂದಷ್ಟೇ ಹೇಳಿ ರೂಮಿಗೆ ಹೋದಳು. ನನಗೆ ಅವಳ ಮುಖ ನೋಡುವುದಕ್ಕೇ ನಾಚಿಕೆಯಾಯಿತು. ಮಾರನೇ ದಿನ ಬೆಳಗಾಗುವುದರೊಳಗೆ ಯಜಮಾನರು ಯಾರ ಕಣ್ಣಿಗೂ ಬೀಳದ ಹಾಗೆ ಫ್ಲೆಕ್ಸು ಬಿಚ್ಚಿಕೊಂಡು ಬಂದು ಮಂಚದ ಕೆಳಗೆ ತಳ್ಳಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಅತ್ತೆ ಬಂದಿದ್ದವರು ಊರಿಗೆ ಹೋಗುವಾಗ ಅದನ್ನು ಸುತ್ತಿಕೊಂಡು ಹೋಗಿದ್ದು ನನಗೆ ಗೊತ್ತಿರಲಿಲ್ಲ. ಆ ಭಾನುವಾರ ಮನಸ್ಸು ಸ್ವಲ್ಪ ಹಗುರಾಗಲೆಂದು ಮಗಳನ್ನು ಬಲವಂತ ಮಾಡಿ ಊರಿಗೆ ಹೊರಡಿಸಿದೆ. ಬಸ್ಸು ನಮ್ಮ ಜಮೀನಿನ ತಿರುವಿಗೆ ಬಂದಾಗ ನೋಡುತ್ತೇನೆ, ರಸ್ತೆ ಬದಿಯ ಹುಲ್ಲಿನ ಮೆದೆಯ ಮೇಲೆ ನನ್ನ ಮಗಳು ಮಲಗಿ ಆಕಾಶ ನೋಡುತ್ತಿದ್ದಾಳೆ. ಮಳೆಗೆ ಹುಲ್ಲು ನೆನೆಯದಿರಲೆಂದು ಅತ್ತೆ ಫ್ಲೆಕ್ಸು ಹೊದಿಸಿದ್ದರು, ಬಣ್ಣದ ಕಡೆ ಮೇಲೆ ಮಾಡಿ. ಕೆಳಗೆ ಎರಡು ಹಸುಗಳು ಹುಲ್ಲು ಹಿರಿದುಕೊಂಡು ತಿನ್ನುತ್ತಿದ್ದವು.

ನಮ್ಮ ಮುಂದಿನ ಸೀಟಿನಲ್ಲಿ ಇಬ್ಬರು ಕೂತಿದ್ದರು. ಒಬ್ಬ ಹೇಳಿದ:

"ಲೇ, ಪಾಪ, ಆ ಉಡ್ಗಿಗೆ ಸೀಟು ಸಿಗ್ನಿಲ್ವಂತೆ ಕಣ್ಲಾ."

ಮಗಳು ದುಪಟ್ಟಾ ತಲೆಯ ಮೇಲೆ ಎಳೆದುಕೊಂಡಳು. ಇನ್ನೊಬ್ಬ ಕಿಟಕಿಯಿಂದ ಬಗ್ಗಿ ನೋಡಿದ.

"ಸಿಗ್ನಿಲ್ಲ ಅಂದ್ರೇನ್ಲಾ? ಆಗ್ಲೇ ಡೂಟಿಗೆ ಸೇರ್ಬುಟ್ಟವ್ಳೆ. ನೋಡು, ದನ ಮೇಯಿಸ್ಕಂಡು ಮನ್ಗವ್ಳೆ."

ಶಾಂತಿಗ್ರಾಮದ ಸಾವು

ಇದನ್ನು ಹೇಳಬಾರದು. ಆದರೂ ಹೇಳುತ್ತೇನೆ, ಏಕೆಂದರೆ ಅಲ್ಲಿದ್ದವರು ಈಗಾಗಲೇ ಎಲ್ಲರಿಗೂ ಹೇಳಿದ್ದಾರೆ.

ಎರಡನೇ ಸುತ್ತಿನ ದಿನಾಂಕ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾಯುತ್ತಿದ್ದ ಸಮಯ. ಶಾಂತಿಗ್ರಾಮದಲ್ಲಿ ಯಜಮಾನರ ಕಡೆಯ ಒಬ್ಬ ದೊಡ್ಡಪ್ಪ ತೀರಿಕೊಂಡರು. ಒಳ್ಳೆಯ ಮನುಷ್ಯ, ನನ್ನ ಮಗಳನ್ನು ಕಂಡರೆ ಪ್ರಾಣ. ಬಸ್ಸಿಳಿದು ಹೋದೆ. ಅಂಗಳದಲ್ಲಿ ಮಲಗಿಸಿದ್ದರು. ದೊಡ್ಡಮ್ಮನ ಪಕ್ಕ ಕೂತು ಕೈ ಹಿಡಿದುಕೊಂಡೆ. ನಿಜವಾಗಿಯೂ ಅಳು ಬಂತು, ಅತ್ತುಬಿಟ್ಟೆ.

ಅಳು ಇನ್ನೂ ಮುಗಿದಿರಲಿಲ್ಲ, ಹಿಂದಿನಿಂದ ಯಾರೋ ಬೆನ್ನು ಮುಟ್ಟಿದರು. "ಮಗ್ಳುದು ಏನಾಯ್ತು?"

"ಎರಡನೇ ರೌಂಡಿಗೆ ಕಾಯ್ತಾ ಇದೀವಿ" ಎಂದು ಪಿಸುಗುಟ್ಟಿದೆ.

ಅದೇ ತಪ್ಪಾಯಿತು. "ನಮ್ಮ ಹುಡುಗೀದೂ ಅಷ್ಟೇ" ಎಂದಳು ಒಬ್ಬಳು. "ನಮ್ಮೋನಿಗೆ ಬಂತು, ಆದ್ರೆ ದೂರ" ಎಂದಳು ಇನ್ನೊಬ್ಬಳು. ಪಿಸುಮಾತು ಮಾತಾಯಿತು. ಅಳುತ್ತಿದ್ದವರು ಒಬ್ಬೊಬ್ಬರೇ ಕಣ್ಣೊರೆಸಿಕೊಂಡು ಹತ್ತಿರ ಸರಿದರು. ಅತ್ತ ಚಟ್ಟ ಕಟ್ಟುತ್ತಿದ್ದವರಲ್ಲಿ ಒಬ್ಬ ಬಿದಿರು ಅಲ್ಲೇ ಬಿಟ್ಟು ಬಂದು, "ಮೇಡಂ, ನಮ್ಮುಡ್ಗ ಪಿಸಿಎಂ ತಕ್ಕಂಡವ್ನೆ. ಅವ್ನಿಗೆ ಈ ದನದ ಡಾಕ್ಟ್ರು ಆಯ್ತದಾ?" ಎಂದ. ಅದಕ್ಕೆ ಬಯಾಲಜಿ ಬೇಕು ಎಂದು ಹೇಳದಿದ್ದರೆ ಆ ಮಗುವಿನ ಭವಿಷ್ಯ ಹಾಳಾಗುವುದಿಲ್ಲವೇ? ಹೇಳಿದೆ. ಹೇಳಲು ಶುರು ಮಾಡಿದರೆ ನನಗೆ ನಿಲ್ಲಿಸಲು ಬರುವುದಿಲ್ಲ, ಮೂವತ್ತೈದು ನಿಮಿಷದ ಪೀರಿಯಡ್ ಅಭ್ಯಾಸ. ರೂರಲ್ ಕೋಟಾ, ಕನ್ನಡ ಮಾಧ್ಯಮದ ಕೋಟಾ, ಕೃಷಿ ಕೋಟಾ ಎಂದು ಬೆರಳು ಮಡಚುತ್ತಾ ವಿವರಿಸಿದೆ. ಒದ್ದೆ ಪಂಚೆಯಲ್ಲಿ ಮಡಕೆ ಹಿಡಿದು ನಿಂತಿದ್ದ ಹಿರಿಯ ಮಗನೇ ಬಗ್ಗಿ ಕೇಳಿದ, "ಅತ್ತಿಗೆ, ಹೋದ ವರ್ಷ ಕೃಷಿ ಕೋಟಾ ಎಷ್ಟನೇ ರ‍್ಯಾಂಕಿಗೆ ನಿಂತ್ಕೊಳ್ತು?"

ಅಷ್ಟು ಹೊತ್ತಿಗೆ ಎಲ್ಲರೂ ನನ್ನ ಸುತ್ತ ಇದ್ದರು. ದೊಡ್ಡಪ್ಪನ ಹತ್ತಿರ ಯಾರೂ ಇರಲಿಲ್ಲ.

ಆಗ ನನ್ನ ಫೋನು ಸದ್ದು ಮಾಡಿತು. ನೋಡಿದೆ. ಎರಡನೇ ಸುತ್ತು ಭಾನುವಾರ ಮಧ್ಯಾಹ್ನ. ನನಗೇ ತಿಳಿಯದ ಹಾಗೆ ಎದ್ದು ನಿಂತು ಕೂಗಿಬಿಟ್ಟೆ: "ಬಂತು!"

ಅಂಗಳದವರೆಲ್ಲ ತಲೆ ಎತ್ತಿ ನೋಡಿದರು. ನಾನು ನಿಂತಿದ್ದೇನೆ, ಮುಖದಲ್ಲಿ ನಗು, ಎದುರಿಗೆ ಹೆಣ. ಜೀವಮಾನದಲ್ಲಿ ಅಷ್ಟು ನಾಚಿಕೆ ನನಗೆ ಇನ್ಯಾವತ್ತೂ ಆಗಿರಲಿಲ್ಲ. ಕುಸಿದು ದೊಡ್ಡಮ್ಮನ ಪಕ್ಕ ಕೂತು, "ತಪ್ಪಾಯ್ತು ದೊಡ್ಡಮ್ಮ" ಎಂದೆ. ಅವರು ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕೈ ತಟ್ಟಿದರು.

"ಬುಡವ್ವ, ನಾಚ್ಕಬ್ಯಾಡ. ಆಸ್ಪತ್ರೇಲಿ ಮನ್ಗಿದ್ದಾಗ ಅವ್ರು ಕೊನೇಲಿ ಕೇಳಿದ್ದೂ ಅದ್ನೇಯ, ಆ ಉಡ್ಗಿಗೆ ಸೀಟಾಯ್ತಾ ಅಂತ. ನಿಮ್ಮನೆ ಸೀಟು ಕಾದೂ ಕಾದೂ ಸಾಕಾಗಿ ಓಗ್ಬುಟ್ರು."

ರಸ್ತೆ ಮಧ್ಯೆ

ಕೊನೆಗೆ ಆ ಭಾನುವಾರ ಬಂತು. ಯಜಮಾನರು ಬೆಳಗ್ಗೆಯೇ ಅಂಗಡಿಗೆ ಹೋಗಿ ಕೂತುಬಿಟ್ಟರು. ಭಾನುವಾರ ಅಂಗಡಿಗೆ ರಜಾ ಎಂಬುದನ್ನು ನಾನೂ ನೆನಪಿಸಲಿಲ್ಲ. ಮಗಳು ರೂಮಿನ ಬಾಗಿಲು ಹಾಕಿಕೊಳ್ಳುವ ಮೊದಲು ನನಗೆ ಹೇಳಿದಳು, "ನಾನು ನೋಡಲ್ಲಮ್ಮ. ನೀನೇ ನೋಡು. ಬಂದಿದ್ರೆ ಬಾಗಿಲು ತಟ್ಟು. ಬಂದಿಲ್ಲ ಅಂದ್ರೆ ತಟ್ಟಬೇಡ. ನಾನೇ ಅರ್ಥ ಮಾಡ್ಕೋತೀನಿ." ಇದು ತಪ್ಪಿದರೆ ಅವಳು ಅಪ್ಪನ ಎಂಜಿನಿಯರಿಂಗಿಗೆ ಹೋಗುತ್ತಾಳೆ, ಓದುತ್ತಾಳೆ, ಪಾಸೂ ಆಗುತ್ತಾಳೆ. ಆದರೆ ಅಜ್ಜಿಯ ಕೊಟ್ಟಿಗೆಗೆ ಓಡುವ ನನ್ನ ಮಗಳು ಮತ್ತೆ ನನಗೆ ಸಿಗುವುದಿಲ್ಲ.

ಹಾಲ್‌ನಲ್ಲಿ ಫೋನು ಹಿಡಿದು ಕೂತೆ. ಪರೀಕ್ಷೆಯ ನಂಬರು ಹಾಕಿದರೆ ಸಾಕು, ಸೀಟು ಬಂದಿದ್ದರೆ ತೋರಿಸುತ್ತದೆ. ಬಹಳ ಹೊತ್ತು ಸುತ್ತಿ ಸುತ್ತಿ ಪುಟ ತೆರೆದುಕೊಂಡಿತು. ನಂಬರು ಒತ್ತಿದೆ. ಯಾರದ್ದು? ಎದುರು ಮನೆ ಹುಡುಗನದ್ದು.

ಹೌದು. ಅವನ ನಂಬರು ನನಗೆ ಬಾಯಿಪಾಠ. ಪ್ರವೇಶ ಪರೀಕ್ಷೆಗೆ ಇಬ್ಬರನ್ನೂ ನಾನೂ ಎದುರು ಮನೆಯಾಕೆಯೂ ಒಂದೇ ಆಟೋದಲ್ಲಿ ಕರೆದುಕೊಂಡು ಹೋಗಿದ್ದೆವು, ಆಗ ನೋಡಿಕೊಂಡಿದ್ದೆ. ರ‍್ಯಾಂಕು ಬಂದ ದಿನವೂ ನೋಡಿದೆ, ಅಣಕು ಹಂಚಿಕೆಯ ದಿನವೂ ನೋಡಿದೆ. ಅವರದು ಏನಾಯಿತೆಂದು ಮೊದಲು ಗೊತ್ತಾದರೆ ನಮ್ಮದನ್ನು ತಡೆದುಕೊಳ್ಳಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಪುಟ ತೆರೆಯಿತು. ಮೈಸೂರು, ಸಿವಿಲ್. ಕಂಪ್ಯೂಟರ್ ಸೈನ್ಸ್ ಅಲ್ಲ! ಹೇಳಿದರೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ, ಎದೆ ಒಂದು ಚೂರು ಹಗುರಾಯಿತು. ಹಗುರಾಯಿತು ಎಂದು ತಿಳಿದ ಮರುಕ್ಷಣ ಅಸಹ್ಯವಾಯಿತು. ಅವನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲೇ ಎಷ್ಟೋ ಸಲ ಊಟ ಮಾಡಿ ಮಲಗಿದ್ದ ಹುಡುಗ.

ಸರಿ, ಈಗ ಮಗಳದು. ನಂಬರು ಒತ್ತಲು ಹೋದೆ. ಬೆರಳು ನಿಂತಿತು.

ನನ್ನ ಮಗಳ ನಂಬರು ನನಗೆ ಗೊತ್ತಿಲ್ಲ.

ತಲೆ ಎಷ್ಟು ಕೆರೆದುಕೊಂಡರೂ ಬರುವುದು ಅವನ ನಂಬರೇ. ಇಷ್ಟು ದಿನ ಮಗಳದನ್ನು ಮಗಳೇ ನೋಡಿ ಹೇಳುತ್ತಿದ್ದಳು, ನಾನು ಅವನದನ್ನು ನೋಡುತ್ತಿದ್ದೆ. ಅವಳ ಪ್ರವೇಶ ಪತ್ರ ಅವಳ ರೂಮಿನೊಳಗಿದೆ. ಕೇಳಬೇಕೆಂದರೆ ಬಾಗಿಲು ತಟ್ಟಬೇಕು. ತಟ್ಟಿದರೆ ಸೀಟು ಬಂತು ಎಂದು ಅರ್ಥ. ತಟ್ಟದಿದ್ದರೆ ಬರಲಿಲ್ಲ ಎಂದು ಅರ್ಥ. ಬಾಗಿಲ ಮುಂದೆ ಹೋಗಿ ಕೈ ಎತ್ತಿದೆ, ಇಳಿಸಿದೆ. ಒಳಗೆ ಅವಳು ಉಸಿರು ಬಿಗಿಹಿಡಿದು ಕೂತಿರುತ್ತಾಳೆ. ಹೊರಗೆ ಹೆತ್ತ ತಾಯಿ ಎದುರು ಮನೆಯ ನಂಬರು ಜಪಿಸುತ್ತಾ ನಿಂತಿದ್ದಾಳೆ. ಅಳು ಬಂದುಬಿಟ್ಟಿತು. ಒಳಗೆ ಕೇಳಿಸಬಾರದೆಂದು ಮನೆಯಿಂದ ಆಚೆ ಬಂದೆ.

ಅದೇ ಹೊತ್ತಿಗೆ ಎದುರು ಮನೆ ಗೇಟು ದಡಾರೆಂದು ತೆರೆಯಿತು. ಆಕೆ ಚಪ್ಪಲಿಯಿಲ್ಲದೆ, ಸೆರಗು ಜಾರುವುದನ್ನೂ ನೋಡದೆ, ಕೈಯಲ್ಲಿ ಫೋನು ಹಿಡಿದು ಓಡಿ ಬರುತ್ತಿದ್ದರು. ನಾನೂ ಗೇಟು ದಾಟಿದೆ. ರಸ್ತೆಯ ನಟ್ಟನಡುವೆ ಇಬ್ಬರೂ ಸಿಕ್ಕೆವು. ಇಬ್ಬರೂ ಒಟ್ಟಿಗೇ ಬಾಯಿ ಬಿಟ್ಟೆವು.

"ನಿಮ್ಮ ಹುಡುಗನಿಗೆ ಮೈಸೂರು ಸಿವಿಲ್!"

"ನಿಮ್ಮ ಹುಡುಗೀಗೆ ಹಾಸನ ವೆಟರ್ನರಿ!"

ಸಿಕ್ಕಿತು! ನನ್ನ ಮಗಳಿಗೆ ಸಿಕ್ಕಿತು! ಆಕೆಯನ್ನು ತಬ್ಬಿಕೊಂಡೆ. ಆಕೆಯೂ ನನ್ನನ್ನು ತಬ್ಬಿಕೊಂಡು, "ಸಿವಿಲ್ಲಾ? ಹೋಗ್ಲಿ ಬಿಡಿ, ಮೈಸೂರು ತಾನೆ, ಸದ್ಯ ಏನೋ ಒಂದು ಬಂತಲ್ಲ" ಎಂದು ಅಳತೊಡಗಿದರು. ಹೀಗೆ ಸ್ವಲ್ಪ ಹೊತ್ತು ಅತ್ತ ಮೇಲೆ ಇಬ್ಬರ ತಲೆಗೂ ಒಂದೇ ಸಲ ಒಂದು ವಿಷಯ ಹೊಳೆಯಿತು. ತಬ್ಬಿಕೊಂಡಿದ್ದ ಕೈಗಳು ಸಡಿಲಾದವು.

"ನಿಮಗೆ ನಮ್ಮನೇದು ಹೆಂಗೆ ಗೊತ್ತಾಯ್ತು?" ಎಂದರು ಆಕೆ.

"ನಿಮಗೆ ನಮ್ಮನೇದು?" ಎಂದೆ ನಾನು.

ಆಕೆ ತನ್ನ ಫೋನನ್ನು ಸೆರಗಿನೊಳಗೆ ಸೇರಿಸಿದರು, ನಾನು ನನ್ನದನ್ನು ಬೆನ್ನ ಹಿಂದೆ ಹಿಡಿದೆ. ಹಾಲಿನ ಗಾಡಿಯೊಂದು ಬಂದು ನಮ್ಮಿಂದಾಗಿ ನಿಂತು ಹಾರನ್ ಮಾಡುತ್ತಿತ್ತು. ಸದ್ದಿಗೆ ಆ ಕಡೆ ಗೇಟಿನಲ್ಲಿ ಹುಡುಗ ಬಂದು ನಿಂತ. ಈ ಕಡೆ ಮಗಳು ಬಂದಳು. ಬಾಗಿಲು ತಟ್ಟದಿದ್ದರೂ ಅವಳಿಗೆ ಎಲ್ಲ ಕೇಳಿಸಿತ್ತು, ಕಣ್ಣಲ್ಲಿ ನೀರಿತ್ತು, ಮುಖ ಪೂರ್ತಿ ನಗು. ಓಡಿ ಬಂದು ನನ್ನನ್ನು ಅಪ್ಪಿಕೊಳ್ಳುತ್ತಾಳೆ ಎಂದು ಕೈ ಚಾಚಿದೆ.

ಅವಳು ಎರಡು ಹೆಜ್ಜೆ ದೂರದಲ್ಲೇ ನಿಂತಳು.

"ಅಮ್ಮ, ನನ್ನ ನಂಬರ್ ಹೇಳು."

ನಾನು ಹಾಲಿನ ಗಾಡಿಯ ಕಡೆ ನೋಡಿದೆ.

ಹುಡುಗ ಅವನ ಅಮ್ಮನನ್ನು ಕೇಳಿದ, "ನಂದು?"

ಆಕೆಯೂ ಹಾಲಿನ ಗಾಡಿಯ ಕಡೆ ನೋಡಿದರು. ಮಕ್ಕಳಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಮಗಳು ನನ್ನನ್ನು ದಾಟಿಕೊಂಡು ಹೋಗಿ ಆಕೆಯ ಕೈ ಹಿಡಿದಳು.

"ಆಂಟಿ, ಅಡ್ಮಿಷನ್ ಮಾಡಿಸೋಕೆ ಹಾಸನಕ್ಕೆ ನನ್ ಜೊತೆ ನೀವೇ ಬಂದ್ಬಿಡಿ. ಅಮ್ಮ ಇವನ ಜೊತೆ ಮೈಸೂರಿಗೆ ಹೋಗ್ತಾಳೆ. ಅಲ್ಲಿ ಯಾರಾದ್ರೂ ನಿಮ್ಮ ಮಗುವಿನ ನಂಬರ್ ಎಷ್ಟು ಅಂತ ಕೇಳಿದ್ರೆ, ಪಾಪ, ನೀವಿಬ್ರೂ ತಡವರಿಸಬಾರದಲ್ಲ."